ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿಕೆ

ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿಕೆ ಎಂಬುದು ಅಂತರ್ದಹನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ದೋಷ. ಸಿಲಿಂಡರ್ ಹೆಡ್‌ಗೂ ಅದರ ಮೇಲಿನ ಮುಚ್ಚಳಕ್ಕೂ ನಡುವೆ ಇರುವ ಗ್ಯಾಸ್ಕೆಟ್ ತನ್ನ ಹಿಡಿತ ಕಳೆದುಕೊಂಡಾಗ ಒಳಗಿನ ಎಂಜಿನ್ ಆಯಿಲ್ ಹೊರಕ್ಕೆ ಒಸರತೊಡಗುತ್ತದೆ. ಈ ಮುಚ್ಚಳವನ್ನು ಬ್ರಿಟನ್ನಿನಲ್ಲಿ ರಾಕರ್ ಕವರ್ ಎಂದೂ, ಕ್ಯಾಮ್‌ಶಾಫ್ಟ್ ಹೆಡ್‌ನಲ್ಲೇ ಇರುವ ಎಂಜಿನ್‌ಗಳಲ್ಲಿ ಕ್ಯಾಮ್ ಕವರ್ ಎಂದೂ ಕರೆಯುತ್ತಾರೆ. ಭಾರತದ ಗ್ಯಾರೇಜುಗಳಲ್ಲಿ ಟ್ಯಾಪೆಟ್ ಕವರ್ ಎಂಬ ಹೆಸರೇ ರೂಢಿಯಲ್ಲಿದ್ದು, ಗ್ಯಾಸ್ಕೆಟ್ಟನ್ನು ಟ್ಯಾಪೆಟ್ ಕವರ್ ಪ್ಯಾಕಿಂಗ್ ಎನ್ನಲಾಗುತ್ತದೆ. ಗ್ಯಾಸ್ಕೆಟ್ ಅಗ್ಗದ ಭಾಗ. ಅದರ ಬದಲಾವಣೆಯೂ ಹೆಚ್ಚಿನ ಎಂಜಿನ್‌ಗಳಲ್ಲಿ ಸರಳವಾದ ಕೆಲಸ. ಆದರೂ ಹೊಸ ಗ್ಯಾಸ್ಕೆಟ್ ಹಾಕಿದ ಕೆಲವೇ ವಾರಗಳಲ್ಲಿ ಅದೇ ಜಾಗದಿಂದ ಮತ್ತೆ ಎಣ್ಣೆ ಒಸರುವುದು ಅಪರೂಪವಲ್ಲ. ಸೋರಿಕೆಯ ಮೂಲ ಗ್ಯಾಸ್ಕೆಟ್‌ನಲ್ಲಿರದೆ ಮುಚ್ಚಳದ ಸೊಟ್ಟಿನಲ್ಲೋ, ಬೋಲ್ಟುಗಳ ಅತಿಬಿಗಿತದಲ್ಲೋ, ಕ್ರ್ಯಾಂಕ್‌ಕೇಸ್‌ನೊಳಗೆ ಕಟ್ಟಿಕೊಂಡ ಒತ್ತಡದಲ್ಲೋ ಇರುವುದೇ ಇದಕ್ಕೆ ಕಾರಣ.

ರಚನೆ ಮತ್ತು ಕಾರ್ಯ

ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಕವಾಟಗಳನ್ನು ತೆರೆದು ಮುಚ್ಚುವ ರಾಕರ್ ಆರ್ಮ್, ಸ್ಪ್ರಿಂಗ್ ಮತ್ತು ಅನೇಕ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್‌ಗಳು ಸಿಲಿಂಡರ್ ಹೆಡ್‌ನ ಮೇಲ್ಭಾಗದಲ್ಲಿರುತ್ತವೆ. ಇವುಗಳಿಗೆ ಎಣ್ಣೆಯು ಪಂಪಿನಿಂದ ಸಣ್ಣ ಕೊಳವೆಗಳ ಮೂಲಕ ಏರಿ ಬರುತ್ತದೆ. ಬೇರಿಂಗುಗಳಿಂದ ಹೊರಬಿದ್ದ ಎಣ್ಣೆ ಎಲ್ಲೆಡೆ ಸಿಡಿದು, ಹೆಡ್‌ನಲ್ಲಿರುವ ರಂಧ್ರಗಳ ಮೂಲಕ ತನ್ನ ಭಾರದಿಂದಲೇ ಕೆಳಗಿನ ಆಯಿಲ್ ಚೇಂಬರಿಗೆ ಇಳಿದುಹೋಗುತ್ತದೆ. ಹೀಗೆ ಸಿಡಿಯುವ ಎಣ್ಣೆಯನ್ನು ಒಳಗೇ ಉಳಿಸುವುದು, ಹೊರಗಿನ ಧೂಳು ಒಳಹೋಗದಂತೆ ತಡೆಯುವುದು ಮುಚ್ಚಳದ ಕೆಲಸ. ಅದು ಒತ್ತಿದ ಉಕ್ಕಿನ ತಗಡು, ಎರಕದ ಅಲ್ಯೂಮಿನಿಯಂ ಅಥವಾ ಗಾಜಿನ ನಾರು ಸೇರಿಸಿದ ನೈಲಾನಿನಿಂದ ಮಾಡಲ್ಪಟ್ಟಿರುತ್ತದೆ.

ಪಂಪಿನ ಪೂರ್ಣ ಒತ್ತಡ ಈ ಗ್ಯಾಸ್ಕೆಟ್‌ನ ಮೇಲೆ ಎಂದೂ ಬೀಳುವುದಿಲ್ಲ. ಹೆಡ್ ಗ್ಯಾಸ್ಕೆಟ್ ದಹನದ ಒತ್ತಡವನ್ನು ತಡೆದು ನಿಲ್ಲಬೇಕಾದರೆ, ವಾಲ್ವ್ ಕವರ್ ಗ್ಯಾಸ್ಕೆಟ್ ತಡೆಯಬೇಕಾದದ್ದು ಸಿಡಿದು ಬಂದ ಎಣ್ಣೆಯನ್ನು ಮಾತ್ರ. ಆದ್ದರಿಂದಲೇ ಅದರ ಬೋಲ್ಟುಗಳನ್ನು ಬಹಳ ಕಡಿಮೆ ಬಲದಿಂದ ಬಿಗಿ ಮಾಡಲಾಗುತ್ತದೆ. ಸೋರಿಕೆಯನ್ನು ಬಲಪ್ರಯೋಗದಿಂದ ನಿಲ್ಲಿಸಲು ಹೊರಟವರು ಮರೆಯುವುದು ಈ ಸಂಗತಿಯನ್ನೇ.

ಗ್ಯಾಸ್ಕೆಟ್‌ನ ವಸ್ತುಗಳು

ಹಳೆಯ ಎಂಜಿನ್‌ಗಳಲ್ಲಿ ಕಾರ್ಕ್ ಗ್ಯಾಸ್ಕೆಟ್ ಬಳಕೆಯಲ್ಲಿತ್ತು. ಓಕ್ ಜಾತಿಯ ಒಂದು ಮರದ ತೊಗಟೆಯಿಂದ ದೊರೆಯುವ ಕಾರ್ಕ್ ಮೆತ್ತಗಿದ್ದು, ತಗಡಿನ ಏರಿಳಿತಗಳಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದಾಗ ಅದು ಒಣಗಿ, ಕುಗ್ಗಿ, ಬಿಸ್ಕತ್ತಿನಂತೆ ಮುರಿಯುತ್ತದೆ. ಕಾರ್ಕಿನ ಪುಡಿಯನ್ನು ರಬ್ಬರಿನೊಂದಿಗೆ ಬೆರೆಸಿದ ಮಿಶ್ರ ಗ್ಯಾಸ್ಕೆಟ್ಟುಗಳು ಇದಕ್ಕಿಂತ ಹೆಚ್ಚು ಬಾಳಿಕೆ ಬರುತ್ತವೆ.

ಈಚಿನ ಎಂಜಿನ್‌ಗಳಲ್ಲಿ ನೈಟ್ರೈಲ್, ಅಕ್ರಿಲೇಟ್, ಸಿಲಿಕೋನ್ ಮುಂತಾದ ಸಂಶ್ಲೇಷಿತ ರಬ್ಬರಿನಿಂದ ಅಚ್ಚು ಹೊಯ್ದ ಗ್ಯಾಸ್ಕೆಟ್ಟುಗಳಿವೆ. ಇವು ಮುಚ್ಚಳದ ಅಂಚಿನಲ್ಲಿ ಕೊರೆದ ಕಾಲುವೆಯಂಥ ತೋಡಿನಲ್ಲಿ ಕೂರುತ್ತವೆ. ರಬ್ಬರು ಸೋಲುವ ಬಗೆ ಬೇರೆ. ಬಹುಕಾಲ ಒತ್ತಡಕ್ಕೂ ಬಿಸಿಗೂ ಸಿಕ್ಕಿದ ರಬ್ಬರು ಒತ್ತಿದ ಆಕಾರದಲ್ಲೇ ಗಟ್ಟಿಯಾಗಿ ನಿಂತುಬಿಡುತ್ತದೆ; ಒತ್ತಡ ತೆಗೆದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಬಿಚ್ಚಿದ ಹಳೆಯ ಗ್ಯಾಸ್ಕೆಟ್ ಪ್ಲಾಸ್ಟಿಕ್ಕಿನಂತೆ ಬಿರುಸಾಗಿದ್ದು ತುಂಡುತುಂಡಾಗಿ ಕಿತ್ತುಬಂದರೆ ಅದರ ಆಯುಷ್ಯ ಮುಗಿದಿತ್ತೆಂದೇ ಅರ್ಥ. ಅದು ಇನ್ನೂ ಮೆತ್ತಗೆ ಬಳುಕುವಂತಿದ್ದರೆ ಸೋರಿಕೆಯ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಸೋರಿಕೆಯ ಕಾರಣಗಳು

ವಯಸ್ಸು ಮತ್ತು ಬಿಸಿಯೇ ಅತಿ ಸಾಮಾನ್ಯ ಕಾರಣ. ಎಂಜಿನ್ ಪ್ರತಿ ಬಾರಿ ಕಾದು ತಣಿದಾಗಲೂ ಅಲ್ಯೂಮಿನಿಯಂ ಹೆಡ್, ಪ್ಲಾಸ್ಟಿಕ್ ಮುಚ್ಚಳ ಮತ್ತು ಉಕ್ಕಿನ ಬೋಲ್ಟುಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಈ ವ್ಯತ್ಯಾಸವನ್ನು ಸಾವಿರಾರು ಬಾರಿ ನುಂಗಿಕೊಳ್ಳಬೇಕಾದದ್ದು ನಡುವಿನ ರಬ್ಬರು.

ಎರಡನೆಯ ಕಾರಣ ಮನುಷ್ಯರ ಕೈಯದು. ಎಣ್ಣೆ ಒಸರುವುದು ಕಂಡೊಡನೆ ಬೋಲ್ಟುಗಳನ್ನು ಇನ್ನಷ್ಟು ತಿರುಗಿಸುವುದು ಸಹಜ ಪ್ರವೃತ್ತಿ. ತಗಡಿನ ಮುಚ್ಚಳದಲ್ಲಿ ಹೀಗೆ ಮಾಡಿದಾಗ ಬೋಲ್ಟಿನ ಸುತ್ತಲಿನ ತಗಡು ಕೆಳಕ್ಕೆ ತಗ್ಗುತ್ತದೆ, ಎರಡು ಬೋಲ್ಟುಗಳ ನಡುವಿನ ಭಾಗ ಮೇಲಕ್ಕೆ ಬಾಗುತ್ತದೆ. ಬೋಲ್ಟಿನ ಬಳಿ ಗ್ಯಾಸ್ಕೆಟ್ ಜಜ್ಜಿಹೋಗಿ, ನಡುವೆ ಬಿರುಕು ಬಿಟ್ಟು, ಸೋರಿಕೆ ಮೊದಲಿಗಿಂತ ಹೆಚ್ಚುತ್ತದೆ. ಪ್ಲಾಸ್ಟಿಕ್ ಮುಚ್ಚಳವಾದರೆ ಬೋಲ್ಟಿನ ಕಿವಿಯೇ ಸೀಳಬಹುದು. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬರಬಹುದು. ಅನೇಕ ಹೊಸ ಎಂಜಿನ್‌ಗಳಲ್ಲಿ ಬೋಲ್ಟಿನ ಕಾಂಡಕ್ಕೆ ಒಂದು ಮೆಟ್ಟಿಲು ಇರುತ್ತದೆ. ಆ ಮೆಟ್ಟಿಲು ಹೆಡ್‌ಗೆ ತಾಗಿದ ಮೇಲೆ ಎಷ್ಟು ತಿರುಗಿಸಿದರೂ ಗ್ಯಾಸ್ಕೆಟ್‌ನ ಮೇಲೆ ಹೆಚ್ಚಿನ ಒತ್ತಡ ಬೀಳುವುದಿಲ್ಲ. ಇಂಥ ಎಂಜಿನ್‌ನಲ್ಲಿ ಬೋಲ್ಟ್ ಬಿಗಿ ಮಾಡಿ ಸೋರಿಕೆ ನಿಲ್ಲಿಸುವ ಮಾತೇ ಇಲ್ಲ.

ಕ್ರ್ಯಾಂಕ್‌ಕೇಸ್ ಒತ್ತಡ

ಪಿಸ್ಟನ್ ರಿಂಗುಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ದಹನದ ಅನಿಲದಲ್ಲಿ ಅಲ್ಪಭಾಗ ಅವುಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ನುಸುಳುತ್ತದೆ. ಇದನ್ನು ಬ್ಲೋ-ಬೈ ಎನ್ನುತ್ತಾರೆ. ಎಣ್ಣೆ ಇಳಿಯುವ ರಂಧ್ರಗಳ ಮೂಲಕವೇ ಈ ಅನಿಲ ವಾಲ್ವ್ ಕವರಿನ ಒಳಗೂ ಏರುತ್ತದೆ. ಹಿಂದೆ ಅದನ್ನು ಒಂದು ಕೊಳವೆಯ ಮೂಲಕ ನೇರವಾಗಿ ಹೊರಗಿನ ಗಾಳಿಗೆ ಬಿಡಲಾಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ವಾಯುಮಾಲಿನ್ಯದ ಕಾರಣಕ್ಕೆ ಈ ಪದ್ಧತಿಯನ್ನು ತಡೆದ ಬಳಿಕ, ಅನಿಲವನ್ನು ಮತ್ತೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೆಳೆದು ಸುಡುವ ಪಿಸಿವಿ ಕವಾಟ ರೂಢಿಗೆ ಬಂದಿತು. ಇದರಿಂದ ಗ್ಯಾಸ್ಕೆಟ್ಟುಗಳಿಗೂ ಒಂದು ಲಾಭವಾಯಿತು. ಪಿಸಿವಿ ಸರಿಯಾಗಿ ಕೆಲಸ ಮಾಡುವ ಪೆಟ್ರೋಲ್ ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ಮುಚ್ಚಳದ ಒಳಗೆ ಸ್ವಲ್ಪ ನಿರ್ವಾತವೇ ಇರುತ್ತದೆ. ಗ್ಯಾಸ್ಕೆಟ್‌ನಲ್ಲಿ ಸಣ್ಣ ಸಂದಿದ್ದರೂ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ.

ಮಸಿ ಮತ್ತು ಜಿಡ್ಡು ಸೇರಿ ಪಿಸಿವಿ ಕವಾಟವೋ ಅದರ ಕೊಳವೆಯೋ ಕಟ್ಟಿಕೊಂಡರೆ ಈ ಸ್ಥಿತಿ ತಿರುವುಮುರುವಾಗುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲ ಎಲ್ಲ ಗ್ಯಾಸ್ಕೆಟ್ ಮತ್ತು ಸೀಲುಗಳನ್ನು ಒಳಗಿನಿಂದ ನೂಕುತ್ತದೆ. ಹೊಸ ಗ್ಯಾಸ್ಕೆಟ್ ಬೇಗನೆ ಸೋಲುವುದಕ್ಕೆ ಕಾರಣ ಬಹುಪಾಲು ಇದೇ ಆಗಿದ್ದು, ದುರಸ್ತಿಯ ಸಮಯದಲ್ಲಿ ಹೆಚ್ಚಾಗಿ ನಿರ್ಲಕ್ಷ್ಯಕ್ಕೊಳಗಾಗುವುದೂ ಇದೇ. ರಿಂಗುಗಳು ತೀರ ಸವೆದ ಎಂಜಿನ್‌ನಲ್ಲಿ ಪಿಸಿವಿ ಸರಿಯಿದ್ದರೂ ಅನಿಲದ ಪ್ರಮಾಣ ಅದರ ಸಾಮರ್ಥ್ಯವನ್ನು ಮೀರುತ್ತದೆ. ಅಲ್ಲಿ ವಾಲ್ವ್ ಕವರ್ ಸೋರಿಕೆ ಎಂಜಿನ್ ಕೆಲಸಕ್ಕೆ ಬಂದಿರುವುದರ ಒಂದು ಸೂಚನೆ ಮಾತ್ರ.

ಪರೀಕ್ಷೆ ಸುಲಭವಾಗಿದೆ. ಪೆಟ್ರೋಲ್ ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ತೆಳುವಾದ ಕಾಗದವನ್ನು ಹಿಡಿದರೆ, ವ್ಯವಸ್ಥೆ ಸರಿಯಿದ್ದಲ್ಲಿ ಕಾಗದ ಒಳಕ್ಕೆ ಸೆಳೆಯಲ್ಪಡುತ್ತದೆ. ಕಾಗದ ಮೇಲಕ್ಕೆ ಹಾರಿ, ಹೊಗೆ ಬುಸುಗುಟ್ಟಿ ಬಂದರೆ ಗ್ಯಾಸ್ಕೆಟ್ ಬದಲಿಸುವ ಮೊದಲು ಒತ್ತಡದ ಕಾರಣವನ್ನು ಸರಿಪಡಿಸಬೇಕು.

ಲಕ್ಷಣಗಳು ಮತ್ತು ಪತ್ತೆ

ಸಿಗ್ನಲ್‌ನಲ್ಲಿ ವಾಹನ ನಿಂತಾಗ ಒಳಗೆ ಬರುವ ಸುಟ್ಟ ಎಣ್ಣೆಯ ವಾಸನೆ ಮೊದಲ ಸುಳಿವಾಗಿರುತ್ತದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುವುದರಿಂದ ತಿಳಿಯುವುದಿಲ್ಲ. ಬಾನೆಟ್ ಎತ್ತಿದರೆ ಮುಚ್ಚಳದ ಅಂಚಿನುದ್ದಕ್ಕೂ ಧೂಳು ಹಿಡಿದ ಕಪ್ಪು ಜಿಡ್ಡು, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಏಳುವ ತೆಳುವಾದ ಹೊಗೆ ಕಾಣಿಸುತ್ತವೆ. ಆಯಿಲ್ ಮಟ್ಟ ಮೆಲ್ಲನೆ ಇಳಿಯುತ್ತದೆ. ನೆಲದ ಮೇಲೆ ಹನಿ ಬಿದ್ದೇ ತೀರಬೇಕೆಂದಿಲ್ಲ. ಎಣ್ಣೆ ಬಿಸಿ ಲೋಹದ ಮೇಲೆಯೇ ಆವಿಯಾಗಿ ಹೋಗಬಹುದು.

ಸ್ಪಾರ್ಕ್ ಪ್ಲಗ್ಗುಗಳು ಮುಚ್ಚಳದ ನಡುವಿನ ಆಳವಾದ ಗುಂಡಿಗಳಲ್ಲಿರುವ ಎಂಜಿನ್‌ಗಳಲ್ಲಿ ಸೋರಿಕೆ ಹೊರಗೆ ಕಾಣದೆಯೇ ಇರಬಹುದು. ಗುಂಡಿಯ ಸುತ್ತಲಿನ ಸೀಲು ಹಾಳಾದಾಗ ಎಣ್ಣೆ ಒಳಗೆ ತುಂಬಿ, ಇಗ್ನಿಷನ್ ಕಾಯಿಲಿನ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕಿಡಿ ಪ್ಲಗ್ಗಿನ ತುದಿಗೆ ತಲುಪದೆ ಪಕ್ಕಕ್ಕೆ ಹಾರುತ್ತದೆ. ಎಂಜಿನ್ ಒಂದು ಸಿಲಿಂಡರ್ ಬಿಟ್ಟು ಓಡಿದಂತೆ ನಡುಗುತ್ತದೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪ್ಲಗ್ಗಿನ ಮೇಲ್ಭಾಗ, ಅಂದರೆ ಪಿಂಗಾಣಿಯಿರುವ ಭಾಗ ಎಣ್ಣೆಯಲ್ಲಿ ನೆನೆದಿದ್ದರೆ ತಪ್ಪು ಮುಚ್ಚಳದ ಸೀಲಿನದು. ಕಿಡಿ ಹಾರುವ ಕೆಳತುದಿ ಎಣ್ಣೆಯಿಂದ ತೊಯ್ದಿದ್ದರೆ ಅದು ಪಿಸ್ಟನ್ ರಿಂಗ್ ಅಥವಾ ಕವಾಟದ ಕಾಂಡದ ಸೀಲಿನ ವಿಷಯ. ಗ್ಯಾಸ್ಕೆಟ್ ಬದಲಿಸಿ ಪ್ರಯೋಜನವಿಲ್ಲ.

ಪತ್ತೆಯಲ್ಲಿ ಆಗುವ ದುಬಾರಿ ತಪ್ಪು ಎಣ್ಣೆಯ ಹರಿವಿಗೆ ಸಂಬಂಧಿಸಿದ್ದು. ಮುಚ್ಚಳದ ಹಿಂಬದಿಯ ಮೂಲೆಯಿಂದ ಒಸರಿದ ಎಣ್ಣೆ ಹೆಡ್‌ನ ಹಿಂಗೋಡೆಯ ಮೇಲೆ ಇಳಿದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಕೆಳಗೆ ಹನಿಯುತ್ತದೆ. ಕೆಳಗಿನಿಂದ ನೋಡಿದವರಿಗೆ ಅದು ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಯ ಆಯಿಲ್ ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ. ಆ ಸೀಲನ್ನು ಬದಲಿಸಲು ಸಾಮಾನ್ಯವಾಗಿ ಗೇರ್‌ಬಾಕ್ಸನ್ನೇ ಇಳಿಸಬೇಕು. ಅಷ್ಟು ಕೆಲಸ ಮಾಡಿದ ಮೇಲೂ ಹನಿ ನಿಲ್ಲದಿದ್ದಾಗ ಮೇಲಿನ ಗ್ಯಾಸ್ಕೆಟ್ ನೆನಪಾಗುತ್ತದೆ. ಇದನ್ನು ತಪ್ಪಿಸಲು ಎಂಜಿನ್ನನ್ನು ಡಿಗ್ರೀಸರ್‌ನಿಂದ ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದನ್ನು ಗುರುತಿಸಬೇಕು. ಸಂದೇಹವಿರುವ ಅಂಚಿಗೆ ಟಾಲ್ಕಂ ಪೌಡರ್ ಉದುರಿಸಿದರೆ ಎಣ್ಣೆ ಬಂದ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ನೋಡುವ ಕ್ರಮವೂ ಉಂಟು.

ಅಪಾಯಗಳು

ಎಣ್ಣೆ ಸೋರಿಕೆಯನ್ನು ಆಗಾಗ ಒಂದಿಷ್ಟು ಆಯಿಲ್ ತುಂಬಿ ಸಹಿಸಿಕೊಳ್ಳುವವರು ಬಹಳ ಮಂದಿ. ಹನಿ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಅದರ ಅಪಾಯ ನಿಂತಿದೆ. ಆಲ್ಟರ್ನೇಟರ್, ಎಂಜಿನ್ ಮೌಂಟಿಂಗಿನ ರಬ್ಬರು ಮತ್ತು ಟೈಮಿಂಗ್ ಬೆಲ್ಟ್ ಎಣ್ಣೆಯಿಂದ ಕೆಡುತ್ತವೆ. ಬೆಲ್ಟ್ ತುಂಡಾದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ನು ಕವಾಟಗಳಿಗೆ ಬಡಿದು ಹೆಡ್ ಬಿಚ್ಚುವ ಸ್ಥಿತಿ ಬರುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಬೆಂಕಿ. ಭಾರ ಹೊತ್ತು ಓಡುವ ಎಂಜಿನ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಣ್ಣೆ ತಾನಾಗಿ ಹೊತ್ತಿಕೊಳ್ಳುವಷ್ಟು ಕಾಯಬಲ್ಲದು. ಅಕ್ಟೋಬರ್ 2015ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು 3.8 ಲೀಟರ್ ವಿ6 ಎಂಜಿನ್ ಇದ್ದ ಸುಮಾರು 14 ಲಕ್ಷ ಹಳೆಯ ಕಾರುಗಳನ್ನು ಈ ಕಾರಣಕ್ಕಾಗಿಯೇ ಮರಳಿ ಕರೆಯಿತು. ಜೋರಾಗಿ ಬ್ರೇಕ್ ಹಾಕಿದಾಗ ಮುಚ್ಚಳದ ಗ್ಯಾಸ್ಕೆಟ್‌ನಿಂದ ಹೊರಬಿದ್ದ ಎಣ್ಣೆಯ ಹನಿಗಳು ಮ್ಯಾನಿಫೋಲ್ಡಿನ ಮೇಲೆ ಬೀಳುವ ಸಾಧ್ಯತೆ ಅವುಗಳಲ್ಲಿತ್ತು. ಇದೇ ದೋಷಕ್ಕೆ 2008 ಮತ್ತು 2009ರಲ್ಲಿಯೂ ಕಾರುಗಳನ್ನು ಮರಳಿ ಕರೆಯಲಾಗಿತ್ತು; ಆಗ ದುರಸ್ತಿಯಾಗಿದ್ದ ಕಾರುಗಳಲ್ಲಿಯೂ ಬೆಂಕಿ ಕಾಣಿಸಿಕೊಂಡದ್ದರಿಂದ ಮತ್ತೊಮ್ಮೆ ಕರೆಯಬೇಕಾಯಿತು.

ದುರಸ್ತಿಯ ಕ್ರಮ

ಕೆಲಸಕ್ಕೆ ಮೊದಲು ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿರಬೇಕು. ಕಾಯಿಲ್, ವೈರು ಮತ್ತು ಕೊಳವೆಗಳನ್ನು ಗುರುತು ಹಾಕಿ ಬದಿಗಿಡಲಾಗುತ್ತದೆ. ಮುಚ್ಚಳದ ಸುತ್ತಲಿನ ಮಣ್ಣು ಜಿಡ್ಡನ್ನು ಬಿಚ್ಚುವ ಮೊದಲೇ ತೆಗೆಯುವುದು ಮುಖ್ಯ. ಇಲ್ಲವಾದರೆ ಅದು ಕ್ಯಾಮ್‌ಶಾಫ್ಟ್‌ನ ಮೇಲೆಯೇ ಉದುರುತ್ತದೆ. ಪ್ಲಗ್ ಗುಂಡಿಯಲ್ಲಿ ಎಣ್ಣೆಯಿದ್ದರೆ ಪ್ಲಗ್ ಕಳಚುವ ಮುಂಚೆ ಬಟ್ಟೆಯಿಂದ ಅದನ್ನು ಹೀರಿಸಬೇಕು.

ಅಂಟಿಕೊಂಡ ಮುಚ್ಚಳವನ್ನು ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲನೆ ತಟ್ಟಿ ಸಡಿಲಿಸಲಾಗುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮೈಯಲ್ಲಿ ಗೀರು ಬಿದ್ದು, ಅದೇ ಮುಂದಿನ ಸೋರಿಕೆಯ ದಾರಿಯಾಗುತ್ತದೆ. ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ತೆಗೆಯಬೇಕು. ಉಪ್ಪುಕಾಗದ ಅಥವಾ ತಿರುಗುವ ಉಜ್ಜುಬಿಲ್ಲೆ ಬಳಸಿದರೆ ಅದರ ಕಣಗಳು ಎಣ್ಣೆಯೊಂದಿಗೆ ಇಳಿದು ಬೇರಿಂಗುಗಳನ್ನು ತಿನ್ನುತ್ತವೆ. ಎಣ್ಣೆ ಇಳಿಯುವ ರಂಧ್ರಗಳಿಗೆ ಅಷ್ಟು ಹೊತ್ತು ಬಟ್ಟೆ ತುರುಕಿಡುವುದು ಒಳ್ಳೆಯ ಅಭ್ಯಾಸ, ಅದನ್ನು ಮರೆಯದೆ ಹೊರತೆಗೆಯುವುದಾದರೆ.

ಮುಚ್ಚಳವನ್ನು ದಪ್ಪ ಗಾಜಿನ ಮೇಲೆ ಬೋರಲು ಇಟ್ಟರೆ ಸೊಟ್ಟು ತಿಳಿಯುತ್ತದೆ. ತಗಡಿನ ಮುಚ್ಚಳದ ಬೋಲ್ಟ್ ರಂಧ್ರಗಳ ಸುತ್ತ ತಗ್ಗಿದ ಭಾಗವನ್ನು ಮರದ ದಿಮ್ಮಿಯ ಮೇಲಿಟ್ಟು ಒಳಬದಿಯಿಂದ ಸಣ್ಣ ಸುತ್ತಿಗೆಯಿಂದ ತಟ್ಟಿ ಸಮಮಾಡಬಹುದು. ಸೀಳಿದ ಅಥವಾ ಬಾಗಿದ ಪ್ಲಾಸ್ಟಿಕ್ ಮುಚ್ಚಳವನ್ನು ಬದಲಿಸುವುದೊಂದೇ ದಾರಿ. ಇಂದಿನ ಅನೇಕ ಪ್ಲಾಸ್ಟಿಕ್ ಮುಚ್ಚಳಗಳಲ್ಲಿ ಪಿಸಿವಿ ವ್ಯವಸ್ಥೆಯೂ ಒಳಗೇ ಅಡಕವಾಗಿರುವುದರಿಂದ, ಅದು ಕೆಟ್ಟಾಗಲೂ ಇಡೀ ಮುಚ್ಚಳ ಬದಲಿಸಬೇಕಾಗುತ್ತದೆ.

ರಬ್ಬರ್ ಗ್ಯಾಸ್ಕೆಟ್ಟನ್ನು ಒಣಗಿದ, ಜಿಡ್ಡಿಲ್ಲದ ತೋಡಿನಲ್ಲಿ ಎಲ್ಲಿಯೂ ತಿರುಚದಂತೆ ಕೂರಿಸಬೇಕು. ಕಾರ್ಕ್ ಗ್ಯಾಸ್ಕೆಟ್ಟನ್ನು ಮುಚ್ಚಳದ ಬದಿಗೆ ಮಾತ್ರ ಅಂಟಿನಿಂದ ಹಿಡಿಸಿ, ಹೆಡ್‌ನ ಬದಿಯನ್ನು ಒಣಗಿದಂತೆ ಬಿಡುವುದು ಹಳೆಯ ಪದ್ಧತಿ. ಮುಂದೊಮ್ಮೆ ಟ್ಯಾಪೆಟ್ ಸರಿಮಾಡಲು ಮುಚ್ಚಳ ತೆಗೆದಾಗ ಗ್ಯಾಸ್ಕೆಟ್ ಹರಿಯದೆ ಉಳಿಯುತ್ತದೆ ಎಂಬುದು ಇದರ ಅನುಕೂಲ. ಪ್ಲಗ್ ಗುಂಡಿಯ ಸೀಲುಗಳನ್ನೂ ಬೋಲ್ಟಿನ ಕೆಳಗಿನ ರಬ್ಬರ್ ವಾಷರುಗಳನ್ನೂ ಇದರೊಂದಿಗೇ ಬದಲಿಸುವುದು ಲೇಸು. ಅವೂ ಅಷ್ಟೇ ವರ್ಷ ಬಿಸಿ ಕಂಡಿರುತ್ತವೆ.

ಬೋಲ್ಟುಗಳನ್ನು ಮೊದಲು ಕೈಯಿಂದ ಹತ್ತಿಸಿ, ನಂತರ ನಡುವಿನಿಂದ ಎರಡೂ ತುದಿಗಳ ಕಡೆಗೆ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಲಾಗುತ್ತದೆ. 6 ಮಿಲಿಮೀಟರ್ ಬೋಲ್ಟುಗಳಿಗೆ ತಯಾರಕರು ಸೂಚಿಸುವ ಬಲ ಸಾಮಾನ್ಯವಾಗಿ 8ರಿಂದ 12 ನ್ಯೂಟನ್-ಮೀಟರ್ ಆಸುಪಾಸಿನಲ್ಲಿದ್ದು, ತಗಡಿನ ಮುಚ್ಚಳಗಳಿಗೆ ಇನ್ನೂ ಕಡಿಮೆ. ಆಯಾ ಎಂಜಿನ್‌ನ ಕೈಪಿಡಿಯ ಅಂಕಿಯೇ ಪ್ರಮಾಣ. ಉದ್ದನೆಯ ಹಿಡಿಯ ಸ್ಪ್ಯಾನರ್ ಹಿಡಿದ ಕೈಗೆ ಇಷ್ಟು ಕಡಿಮೆ ಬಲದ ಅಂದಾಜು ಸಿಗುವುದು ಕಷ್ಟವಾದ್ದರಿಂದ ಸಣ್ಣ ಟಾರ್ಕ್ ರೆಂಚ್ ಬಳಸಲಾಗುತ್ತದೆ. ಕಾರ್ಕ್ ಗ್ಯಾಸ್ಕೆಟ್ ಕೆಲವು ಬಾರಿ ಬಿಸಿಯಾಗಿ ತಣಿದ ಮೇಲೆ ಸ್ವಲ್ಪ ಕುಳಿತುಕೊಳ್ಳುತ್ತದೆ. ಆಗ ಅದೇ ಅಳತೆಗೆ ಮತ್ತೊಮ್ಮೆ ನೋಡಬೇಕು. ಮೆಟ್ಟಿಲಿರುವ ಬೋಲ್ಟುಗಳಿಗೆ ಇದು ಬೇಡ.

ಸಿಲಿಕೋನ್ ಸೀಲೆಂಟ್ ಬಳಕೆ

ಟ್ಯೂಬಿನಲ್ಲಿ ದೊರೆಯುವ, ಗಾಳಿಯ ತೇವದಿಂದ ಗಟ್ಟಿಯಾಗುವ ಸಿಲಿಕೋನ್ ಪೇಸ್ಟನ್ನು ಗ್ಯಾಸ್ಕೆಟ್‌ನ ಸುತ್ತಲೂ ಬಳಿಯುವ ರೂಢಿ ವ್ಯಾಪಕವಾಗಿದೆ. ಅದು ನಿಜವಾಗಿ ಬೇಕಾದದ್ದು ಕೆಲವೇ ಜಾಗಗಳಲ್ಲಿ: ಟೈಮಿಂಗ್ ಕವರ್ ಮತ್ತು ಹೆಡ್ ಕೂಡುವ ಮೂಲೆ, ಕ್ಯಾಮ್‌ಶಾಫ್ಟ್‌ನ ತುದಿಯಲ್ಲಿರುವ ಅರ್ಧಚಂದ್ರಾಕಾರದ ರಬ್ಬರ್ ಬಿರಡೆಯ ಅಂಚು, ಇಂಥ ಮೆಟ್ಟಿಲಾದ ಸಂದಿಗಳಲ್ಲಿ ಒಂದೊಂದು ಸಣ್ಣ ಹನಿ. ರಬ್ಬರ್ ಗ್ಯಾಸ್ಕೆಟ್‌ನ ಇಡೀ ಉದ್ದಕ್ಕೂ ಬಳಿದರೆ ಅದು ಜಾರಿ ತೋಡಿನಿಂದ ಹೊರಬರಬಹುದು. ಹೆಚ್ಚಾದ ಪೇಸ್ಟ್ ಹೊರಗೆ ಎಷ್ಟು ಒತ್ತಿ ಬಂದಿರುತ್ತದೆಯೋ ಒಳಗೂ ಅಷ್ಟೇ ಬಂದಿರುತ್ತದೆ. ಆ ಎಳೆಗಳು ಕಿತ್ತು ಚೇಂಬರಿಗೆ ಇಳಿದು ಆಯಿಲ್ ಪಂಪಿನ ಜರಡಿಗೆ ಅಂಟಿಕೊಂಡರೆ, ಎಣ್ಣೆ ಸಾಲದೆ ಬೇರಿಂಗುಗಳು ಸುಟ್ಟುಹೋಗುತ್ತವೆ. ಒಂದು ಹನಿ ಎಣ್ಣೆ ನಿಲ್ಲಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಂಡಂತಾಗುತ್ತದೆ. ಗಟ್ಟಿಯಾಗುವಾಗ ವಿನೆಗರ್ ವಾಸನೆ ಬಿಡುವ ಸಾಧಾರಣ ಸಿಲಿಕೋನ್ ಲೋಹವನ್ನು ತಿನ್ನಬಲ್ಲದು. ಅದರ ಆವಿ ಎಂಜಿನ್‌ನ ಆಕ್ಸಿಜನ್ ಸೆನ್ಸರನ್ನು ಕೆಡಿಸಬಹುದು. ಆದ್ದರಿಂದ ಸೆನ್ಸರಿಗೆ ಸುರಕ್ಷಿತವೆಂದು ನಮೂದಿಸಿದ ಬಗೆಯನ್ನೇ ಆರಿಸಬೇಕು.

ಕೆಲವು ಎಂಜಿನ್‌ಗಳಲ್ಲಿ

ಹಿಂದೂಸ್ತಾನ್ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸರಣಿಯದು. ಅದರ ತಗಡಿನ ಮುಚ್ಚಳವನ್ನು ನಡುವಿನ ಎರಡು ನಟ್ಟುಗಳು ಮಾತ್ರ ಹಿಡಿದಿರುತ್ತವೆ; ಅವುಗಳ ಕೆಳಗೆ ರಬ್ಬರಿನ ಬುಷ್ ಇರುತ್ತದೆ. ಅಂಚಿನಲ್ಲಿ ಬೋಲ್ಟುಗಳಿಲ್ಲದ ಕಾರಣ ಅಂಚು ಬಾಗುವ ತೊಂದರೆ ಕಡಿಮೆ. ಆದರೆ ಬುಷ್ ಗಟ್ಟಿಯಾದರೆ ನಟ್ಟಿನ ಸುತ್ತಲೇ ಎಣ್ಣೆ ಒಸರಿ, ಕೆಳಗಿನ ಕಾರ್ಕ್ ಪ್ಯಾಕಿಂಗಿನ ಮೇಲೆ ಅಪವಾದ ಬರುತ್ತದೆ.

ಅಮೆರಿಕದ ಶೆವ್ರೊಲೆಟ್ ಸಂಸ್ಥೆ 1955ರಲ್ಲಿ ಹೊರತಂದ ಸ್ಮಾಲ್ ಬ್ಲಾಕ್ ವಿ8 ಎಂಜಿನ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಪ್ರತಿ ಮುಚ್ಚಳದ ಅಂಚಿಗೆ ನಾಲ್ಕು ಬೋಲ್ಟುಗಳಿದ್ದವು. ತೆಳು ತಗಡು, ದೂರದೂರದ ಬೋಲ್ಟುಗಳು, ಕಾರ್ಕ್ ಗ್ಯಾಸ್ಕೆಟ್ ಇವು ಮೂರೂ ಸೇರಿ ಆ ಎಂಜಿನ್ ಎಣ್ಣೆ ಒಸರುವುದಕ್ಕೆ ಹೆಸರಾಯಿತು. ಬೋಲ್ಟಿನ ಒತ್ತಡವನ್ನು ಅಂಚಿನುದ್ದಕ್ಕೂ ಹಂಚುವ ಉದ್ದನೆಯ ಉಕ್ಕಿನ ಪಟ್ಟಿಗಳು ಇದಕ್ಕಾಗಿಯೇ ಮಾರಾಟಕ್ಕೆ ಬಂದವು. 1987ರ ಮಾದರಿಗಳಿಂದ ಬೋಲ್ಟುಗಳನ್ನು ಮುಚ್ಚಳದ ನಡುವಿಗೆ ಸ್ಥಳಾಂತರಿಸಿ, ಹೆಡ್‌ನ ಅಂಚನ್ನು ಎತ್ತರಿಸಲಾಯಿತು. ಬ್ರಿಟಿಷರ ಹಳೆಯ ಉಪಾಯ ಅಮೆರಿಕದ ಎಂಜಿನ್‌ಗೆ ಬರಲು ಮೂರು ದಶಕ ಹಿಡಿದವೆನ್ನಬಹುದು.

ಜಪಾನಿನ ಸುಬಾರು ಕಾರುಗಳ ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರುಗಳು ಎಡಬಲಕ್ಕೆ ಮಲಗಿರುವುದರಿಂದ ವಾಲ್ವ್ ಕವರುಗಳು ಮೇಲೆ ಇರದೆ ಎರಡು ಪಕ್ಕಗಳಲ್ಲಿರುತ್ತವೆ. ನೆಟ್ಟಗಿನ ಎಂಜಿನ್‌ನಲ್ಲಿ ಎಣ್ಣೆ ಗ್ಯಾಸ್ಕೆಟ್ಟನ್ನು ಬಿಟ್ಟು ಕೆಳಗಿಳಿದರೆ, ಇಲ್ಲಿ ಮುಚ್ಚಳದ ಕೆಳ ಅಂಚಿನಲ್ಲಿಯೇ ತಂಗುತ್ತದೆ. ಗ್ಯಾಸ್ಕೆಟ್ ಸ್ವಲ್ಪ ಗಟ್ಟಿಯಾದರೂ ಅಲ್ಲಿಂದ ಹನಿಯತೊಡಗುತ್ತದೆ, ನೇರ ಕೆಳಗೆ ಎಕ್ಸಾಸ್ಟ್ ಕೊಳವೆಯಿರುತ್ತದೆ.

ಸೋರಿಕೆ ತಡೆಯುವ ದ್ರವಗಳು

ಎಂಜಿನ್ ಆಯಿಲ್‌ಗೆ ಬೆರೆಸಿ ಸೋರಿಕೆ ನಿಲ್ಲಿಸುವ ದ್ರವಗಳು ಮಾರುಕಟ್ಟೆಯಲ್ಲಿವೆ. ಇವುಗಳಲ್ಲಿನ ರಾಸಾಯನಿಕಗಳು ರಬ್ಬರನ್ನು ತುಸು ಉಬ್ಬಿಸಿ ಮೆತ್ತಗಾಗಿಸುತ್ತವೆ. ಗ್ಯಾಸ್ಕೆಟ್ ಸ್ವಲ್ಪ ಗಟ್ಟಿಯಾಗಿದ್ದಷ್ಟೇ ಆದಲ್ಲಿ ಒಸರು ಕೆಲಕಾಲ ತಗ್ಗಬಹುದು. ಒಣಗಿದ ಕಾರ್ಕ್, ಬಿರುಕು ಬಿಟ್ಟ ರಬ್ಬರು, ಸೊಟ್ಟಗಾದ ಮುಚ್ಚಳ ಮತ್ತು ಕಟ್ಟಿಕೊಂಡ ಪಿಸಿವಿಯ ಮೇಲೆ ಇವು ಯಾವ ಪರಿಣಾಮವನ್ನೂ ಬೀರುವುದಿಲ್ಲ. ಉಬ್ಬಿಸುವ ಗುಣ ಸೋರುತ್ತಿರುವ ಗ್ಯಾಸ್ಕೆಟ್ಟೊಂದಕ್ಕೇ ಸೀಮಿತವಾಗಿರದೆ ಎಂಜಿನ್‌ನ ಉಳಿದೆಲ್ಲ ಸೀಲುಗಳನ್ನೂ ತಟ್ಟುತ್ತದೆ.